‘ಜನಾದೇಶ’ವೆಂಬ ಶಬ್ದ

ಚುನಾವಣೆಯ ಫಲಿತಾಂಶ ಹೊರಬಿದ್ದ ದಿನ ನಮ್ಮ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಶಬ್ದ ‘ಜನಾದೇಶ’. ಗೆದ್ದವರು ಅದನ್ನು ಶಿರಸಾವಹಿಸುತ್ತೇವೆನ್ನುತ್ತಾರೆ. ಸೋತವರು ಅದಕ್ಕೆ ತಲೆಬಾಗುತ್ತೇವೆನ್ನುತ್ತಾರೆ. ಆ ಆದೇಶದಲ್ಲಿ ಬರೆದಿರುವುದೇನೆಂದು ನಿಧಾನವಾಗಿ ಓದುವವರು ಮಾತ್ರ ವಿರಳ. 2023ರ ಕರ್ನಾಟಕ ವಿಧಾನಸಭೆಯ ಚುನಾವಣೆಯನ್ನು ಮುಂದಿಟ್ಟುಕೊಂಡು ಅದನ್ನು ಓದುವ ಪ್ರಯತ್ನವನ್ನು ಇಲ್ಲಿ ಮಾಡಬಯಸುತ್ತೇನೆ.

ಆ ವರ್ಷದ ಮೇ 10ರಂದು ಮತದಾನ ನಡೆದು 13ರಂದು ಎಣಿಕೆಯಾಯಿತು. 224 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 135, ಭಾರತೀಯ ಜನತಾ ಪಕ್ಷಕ್ಕೆ 66, ಜಾತ್ಯತೀತ ಜನತಾದಳಕ್ಕೆ 19 ದೊರೆತವು. 2018ರಲ್ಲಿ 104 ಸ್ಥಾನಗಳನ್ನು ಗೆದ್ದಿದ್ದ ಭಾರತೀಯ ಜನತಾ ಪಕ್ಷವು ಧೂಳೀಪಟವಾಯಿತೆಂದು ಎಲ್ಲರೂ ಅಂದರು. ಸ್ಥಾನಗಳನ್ನಷ್ಟೇ ಎಣಿಸಿದರೆ ಈ ಮಾತು ಸರಿಯೆನ್ನಬೇಕು. ಆದರೆ ಮತಗಳ ಲೆಕ್ಕ ಬೇರೆಯೇ ಇದೆ. 2018ರಲ್ಲಿ ಆ ಪಕ್ಷಕ್ಕೆ ಬಂದದ್ದು ಶೇಕಡ 36ರಷ್ಟು ಮತ. 2023ರಲ್ಲಿ ಬಂದದ್ದೂ ಶೇಕಡ 36ರಷ್ಟೇ. ಮತದ ಪ್ರಮಾಣ ಕದಲಲಿಲ್ಲ, ಸ್ಥಾನಗಳು ಮಾತ್ರ 38 ಕಳೆದುಹೋದವು. ಕಾಂಗ್ರೆಸ್ಸು ಶೇಕಡ 38ರಿಂದ 43ರ ಸಮೀಪಕ್ಕೆ ಏರಿತು. ಜನತಾದಳವು ಶೇಕಡ 18ರಿಂದ 13ರ ಆಸುಪಾಸಿಗೆ ಇಳಿಯಿತು.

ಇದು ಹೇಗೆ ಸಾಧ್ಯವಾಯಿತು? ಭಾರತೀಯ ಜನತಾ ಪಕ್ಷವು ಉತ್ತರದ ಜಿಲ್ಲೆಗಳಲ್ಲಿ, ತಾನು ಗೆಲ್ಲುತ್ತ ಬಂದಿದ್ದ ಕ್ಷೇತ್ರಗಳಲ್ಲಿ, ಮತಗಳನ್ನು ಕಳೆದುಕೊಂಡಿತು. ಹಳೆಯ ಮೈಸೂರು ಸೀಮೆಯಲ್ಲಿ ಗಳಿಸಿತು. ಕಳೆದುಕೊಂಡ ಮತಗಳೊಡನೆ ಸ್ಥಾನಗಳೂ ಹೋದವು. ಗಳಿಸಿದ ಮತಗಳು ಗೆಲುವಾಗಿ ಫಲಿಸುವಷ್ಟಿರಲಿಲ್ಲ. ಒಂದು ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನೇ ಆ ಕ್ಷೇತ್ರಕ್ಕೆಲ್ಲ ಪ್ರತಿನಿಧಿಯೆಂಬುದು ನಮ್ಮ ಪದ್ಧತಿ. ಇದು ಅಲಂಕಾರದ ಮಾತಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ನಿಜವಾಗಿಯೂ ಒಂದೇ ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಮರುಎಣಿಕೆಯ ಬಳಿಕ ನಿಂತದ್ದು 16 ಮತಗಳ ಅಂತರದಲ್ಲಿ.

ಈ ಪದ್ಧತಿಯ ಸೋಜಿಗವನ್ನು ಎಲ್ಲ ಪಕ್ಷಗಳೂ ಉಂಡಿವೆ. 2004ರಲ್ಲಿ ಶೇಕಡ 35ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 65 ಸ್ಥಾನಗಳು ಬಂದರೆ, ಶೇಕಡ 28ರಷ್ಟು ಪಡೆದ ಭಾರತೀಯ ಜನತಾ ಪಕ್ಷಕ್ಕೆ 79 ಬಂದವು. 2008ರಲ್ಲಿಯೂ 2018ರಲ್ಲಿಯೂ ಹೆಚ್ಚು ಮತ ಬಂದದ್ದು ಕಾಂಗ್ರೆಸ್ಸಿಗೆ, ಹೆಚ್ಚು ಸ್ಥಾನ ಬಂದದ್ದು ಅದರ ಎದುರಾಳಿಗೆ. ಇನ್ನು 2024ರ ಲೋಕಸಭೆಯ ಚುನಾವಣೆಯನ್ನು ನೋಡಿರಿ. ರಾಜ್ಯದಲ್ಲಿ ಕಾಂಗ್ರೆಸ್ಸಿನ ಮತ ಶೇಕಡ 45ನ್ನು ದಾಟಿತು, ಎಂದರೆ ಹಿಂದಿನ ವರ್ಷಕ್ಕಿಂತ ಹೆಚ್ಚಾಯಿತು. ಆದರೂ 28 ಸ್ಥಾನಗಳಲ್ಲಿ ಅದಕ್ಕೆ ದಕ್ಕಿದ್ದು 9. ಬೇರೆಬೇರೆಯಾಗಿ ನಿಂತಿದ್ದ ಎದುರಾಳಿಗಳಿಬ್ಬರು ಈ ಸಲ ಒಂದಾಗಿ ನಿಂತು 19ನ್ನು ಗೆದ್ದರು.

ನಾನು ತರಗತಿಯಲ್ಲಿ ಸಂಧಿಪ್ರಕರಣವನ್ನು ಬೋಧಿಸುವವನು. ವ್ಯಾಕರಣದಲ್ಲಿ ಆದೇಶವೆಂದರೆ ಅಪ್ಪಣೆಯಲ್ಲ. ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಬಂದು ನಿಲ್ಲುವುದು. ‘ಮಳೆ’ಯೂ ‘ಕಾಲ’ವೂ ಸೇರಿ ‘ಮಳೆಗಾಲ’ವಾಗುವಾಗ ಕಕಾರ ಹೋಗಿ ಗಕಾರ ಬರುತ್ತದೆ, ಉಳಿದ ಅಕ್ಷರಗಳು ಇದ್ದಲ್ಲಿಯೇ ಇರುತ್ತವೆ. ನಮ್ಮ ಜನರ ಆದೇಶ ಈ ಅರ್ಥಕ್ಕೇ ಹೆಚ್ಚು ಸಮೀಪವೆಂದು ನನಗೆ ತೋರುತ್ತದೆ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಮರಳಿ ಬಂದಿತು. ಆ ಬಳಿಕ 2023ರವರೆಗೆ ಯಾವ ವಿಧಾನಸಭಾ ಚುನಾವಣೆಯಲ್ಲಿಯೂ ಆಳುತ್ತಿದ್ದ ಪಕ್ಷಕ್ಕೆ ಬಹುಮತ ಮರಳಿ ದೊರೆಯಲಿಲ್ಲ. ಒಬ್ಬರ ಸ್ಥಾನದಲ್ಲಿ ಇನ್ನೊಬ್ಬರನ್ನು ನಿಲ್ಲಿಸುವುದು ಜನರಿಗೆ ರೂಢಿಯಾಗಿದೆ. ಆದರೆ 2023ರಲ್ಲಿ ಒಟ್ಟಾರೆ ಕದಲಿದ್ದು ನೂರರಲ್ಲಿ ಐದರಷ್ಟು ಮತ. ಉಳಿದ ಶಬ್ದವೆಲ್ಲ ಹಾಗೆಯೇ ಇದೆ.

ಮತಗಳ ಪ್ರಮಾಣಕ್ಕನುಗುಣವಾಗಿ ಸ್ಥಾನಗಳನ್ನು ಹಂಚಿದರಾಗದೆ ಎಂದು ಕೆಲವರು ಕೇಳಬಹುದು. ಸಂವಿಧಾನ ಸಭೆಯಲ್ಲಿಯೂ ಈ ಸೂಚನೆ ಬಂದಿತ್ತು. ಜನರಲ್ಲಿ ಅಕ್ಷರಜ್ಞಾನ ಕಡಿಮೆಯಿರುವುದನ್ನೂ ಸ್ಥಿರವಾದ ಸರ್ಕಾರದ ಅಗತ್ಯವನ್ನೂ ಎತ್ತಿಹೇಳಿ ಡಾ. ಅಂಬೇಡ್ಕರ್ ಅವರು ಅದನ್ನು ಒಪ್ಪಲಿಲ್ಲ. ಮೊದಲನೆಯ ಕಾರಣ ಇಂದು ಬಹುಮಟ್ಟಿಗೆ ಸವೆದಿದೆ. ಎರಡನೆಯದಕ್ಕೆ ಈಗಲೂ ತೂಕವಿದೆ. ಆದುದರಿಂದ ಪದ್ಧತಿಯನ್ನು ಒಮ್ಮೆಲೇ ಬದಲಾಯಿಸಬೇಕೆಂದು ನಾನು ಹೇಳಲಾರೆ. ಬದಲಾಗಬೇಕಾದದ್ದು ನಮ್ಮ ಮಾತು.

135 ಸ್ಥಾನಗಳನ್ನು ಪಡೆದವರಿಗೂ ನೂರರಲ್ಲಿ ಐವತ್ತೇಳು ಮಂದಿ ಮತ ಕೊಟ್ಟಿರಲಿಲ್ಲ. 66ಕ್ಕೆ ಇಳಿದವರ ಹಿಂದೆ ಮೂವತ್ತಾರು ಮಂದಿ ಕದಲದೆ ನಿಂತಿದ್ದರು. ಅವರೆಲ್ಲರೂ ಈ ನಾಡಿನವರೇ. ನಮ್ಮ ಬೀದಿಯಲ್ಲಿ, ನಮ್ಮ ಶಾಲೆಯಲ್ಲಿ, ಕೆಲವೊಮ್ಮೆ ನಮ್ಮ ಮನೆಯಲ್ಲಿಯೇ ಇರುವವರು. ಇಂಥವರನ್ನು ಕುರಿತು ‘ಧೂಳೀಪಟ’, ‘ನಿರ್ನಾಮ’ ಎಂಬ ಯುದ್ಧರಂಗದ ಶಬ್ದಗಳನ್ನು ಆಡುವಾಗ ನಾಲಗೆ ತುಸು ತಡೆಯಬೇಕು. ಸದನದಲ್ಲಿ ಎದುರು ಸಾಲಿನ ಮಾತಿಗೆ ಗೆದ್ದವರು ಕಿವಿಗೊಡುವುದು ಔದಾರ್ಯವಲ್ಲ, ಋಣ. ಸೋತವರಿಗೂ ತಾವು ಕೇವಲ ಉಳಿಕೆಯೆಂಬ ಭಾವನೆ ಬೇಕಿಲ್ಲ. ಪೂರ್ತಿಯಾಗಿ ಗೆದ್ದವರು, ಪೂರ್ತಿಯಾಗಿ ಸೋತವರು ಮತಪತ್ರದ ಲೆಕ್ಕದಲ್ಲಿ ಯಾರೂ ಇಲ್ಲ.