ನೆರೆಯವರ ವಿಶ್ವಾಸವನ್ನು ಅವರ ಬಾಯಿಂದಲೇ ಕೇಳೋಣ

ಕಳೆದ ರಮಝಾನಿಗೆ ಕೆಲವು ವಾರಗಳ ಮುಂಚಿನ ಮಾತು. ಸಂಜೆಯ ಪಾಠ ಮುಗಿದು ಉಳಿದ ಮಕ್ಕಳೆಲ್ಲ ಮನೆಗೆ ಹೊರಟ ಮೇಲೆ ಎಂಟನೆಯ ತರಗತಿಯಲ್ಲಿ ಓದುವ ಒಬ್ಬ ಹುಡುಗಿ ಮಾತ್ರ ಹಿಂದೆಯೇ ನಿಂತಳು. ಸ್ವಲ್ಪ ಹೊತ್ತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದು, ಬಳಿಕ ಮೆಲ್ಲಗೆ ಹೇಳಿದಳು: “ಹಜ್ರತ್, ನೀವು ಹೇಳಿಕೊಟ್ಟದ್ದು ಸುಳ್ಳಂತೆ.”

ವಿಷಯ ಇಷ್ಟೆ. ಆಕೆಯ ಸಹಪಾಠಿ ಒಬ್ಬ ಕ್ರೈಸ್ತ ಹುಡುಗಿ. ಊಟದ ಬಿಡುವಿನಲ್ಲಿ ಇವಳು ಆಕೆಗೆ, ನಿಮಗೆ ಮೂರು ದೇವರು, ಒಬ್ಬ ದೇವರು, ಅವನ ಹೆಂಡತಿ ಮರಿಯಮ್, ಅವರಿಗೆ ಹುಟ್ಟಿದ ಮಗ ಎಂದಿದ್ದಾಳೆ. ಆ ಹುಡುಗಿ ಸಿಟ್ಟಾಗಲಿಲ್ಲ, ನಕ್ಕುಬಿಟ್ಟಳಂತೆ. ನಮ್ಮ ಸಭೆಯಲ್ಲಿ ಮರಿಯಳನ್ನು ಯಾರೂ ಪ್ರಾರ್ಥಿಸುವುದಿಲ್ಲ, ಆಕೆಯ ಚಿತ್ರ ಕೂಡ ಇಲ್ಲ, ಬಂದು ನೋಡು ಎಂದಳಂತೆ. ಮರುದಿನ ತಮ್ಮ ಸಭೆಯ ವಿಶ್ವಾಸಗಳನ್ನು ಮುದ್ರಿಸಿದ ನಾಲ್ಕು ಪುಟಗಳ ಕರಪತ್ರವೊಂದನ್ನು ತಂದುಕೊಟ್ಟಿದ್ದಾಳೆ. ಅದನ್ನು ಮಡಿಸಿ ಯಸ್ಸರ್ನಲ್ ಕುರ್‌ಆನ್ ಪುಸ್ತಕದ ಒಳಗೆ ಇಟ್ಟುಕೊಂಡು ಈ ಮಗು ನನ್ನ ಮುಂದೆ ನಿಂತಿತ್ತು.

ಹಾಗೆ ಪಾಠ ಹೇಳಿದವನು ನಾನೇ. ಎಂದೋ ಕೇಳಿದ ಭಾಷಣವೊಂದರ ಮಾತನ್ನು ಪರಿಶೀಲಿಸದೆ ಮಕ್ಕಳ ಮುಂದೆ ಹೇಳಿದ್ದೆ. ತೌಹೀದಿನ ಪಾಠಕ್ಕೆ ಅದು ಸುಲಭವಾದ ಉದಾಹರಣೆಯಾಗಿ ತೋರಿತ್ತು. ಆದರೆ ಆ ಹುಡುಗಿಯ ಕಣ್ಣಿನಲ್ಲಿ ಆ ಸಂಜೆ ನಾನು ಕಂಡ ಪ್ರಶ್ನೆ ಕ್ರೈಸ್ತ ಧರ್ಮಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ನೀವು ಹೇಳಿದ ಇದೇ ಸುಳ್ಳಾದರೆ ಉಳಿದುದನ್ನು ಹೇಗೆ ನಂಬಲಿ ಎಂದು ಆಕೆ ಕೇಳದೆಯೇ ಕೇಳುತ್ತಿದ್ದಳು.

ಕರಪತ್ರವನ್ನು ಆ ರಾತ್ರಿ ಎರಡು ಸಲ ಓದಿದೆ. ನಮ್ಮ ಮನೆಗಳ ಮಕ್ಕಳು ಇಂದು ಉರ್ದುವಿಗಿಂತ ಚೆನ್ನಾಗಿ ಕನ್ನಡ ಓದುತ್ತಾರೆ, ಎಲ್ಲ ಧರ್ಮದವರೊಂದಿಗೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇಂತಹ ಕಾಗದಗಳು ಅವರ ಕೈಗೆ ಬಂದೇ ಬರುತ್ತವೆ. ಆದುದರಿಂದ ಅದರಲ್ಲಿ ಏನಿತ್ತೆಂಬುದನ್ನು ತಂದೆತಾಯಿಯರೂ ತಿಳಿದಿರುವುದು ಒಳ್ಳೆಯದು.

ಮೊದಲು ಒಂದು ಭೇದವನ್ನು ಗಮನಿಸಬೇಕು. ಕ್ರೈಸ್ತರೆಲ್ಲರೂ ಒಂದೇ ಪಂಗಡದವರಲ್ಲ. ಕೆ.ಜಿ.ಎಫ್.ನ ಗಣಿಗಳ ಕಾಲದಿಂದ ನಮ್ಮ ಜಿಲ್ಲೆಯಲ್ಲಿ ಕಥೋಲಿಕರಿದ್ದಾರೆ. ಕೋಲಾರದಲ್ಲಿ ಮೆಥೊಡಿಸ್ಟರಿದ್ದಾರೆ. 1876–78ರ ಭೀಕರ ಕ್ಷಾಮದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಸಾಕಿದ ಮಿಸ್ ಆನ್‌ಸ್ಟೆಯವರ ಮಿಷನ್ ಮುಂದೆ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂದು, 1910ರಲ್ಲಿ ಅವರ ಆಸ್ಪತ್ರೆ ಆರಂಭವಾಯಿತು. ಇ.ಟಿ.ಸಿ.ಎಂ. ಎಂದರೆ ಕೋಲಾರದ ಸುತ್ತಮುತ್ತ ತಿಳಿಯದವರಿಲ್ಲ. ಇವರಲ್ಲದೆ ಮನೆಯಲ್ಲೋ ಬಾಡಿಗೆಯ ಕೋಣೆಯಲ್ಲೋ ಭಾನುವಾರ ಸೇರುವ ಸಣ್ಣ ಸಭೆಗಳಿವೆ. ಹುಡುಗಿಯ ಗೆಳತಿಯ ಕುಟುಂಬ ಈ ಕೊನೆಯ ಬಗೆಯದು. ಇಂಗ್ಲಿಷಿನಲ್ಲಿ ಇವಾಂಜೆಲಿಕಲ್ ಎನ್ನುತ್ತಾರೆ, ಅಂದರೆ ಸುವಾರ್ತೆಯನ್ನು ಸಾರುವವರು.

ನಮ್ಮ ಶಿವಾರಪಟ್ಟಣ ಶಿಲ್ಪಿಗಳ ಊರು. ಬೆಳಗಾದರೆ ಉಳಿಯ ಸದ್ದು. ಇಲ್ಲಿ ಕೆತ್ತಿದ ಮೂರ್ತಿಗಳು ದೂರದೂರದ ಗುಡಿಗಳಿಗೆ ಹೋಗುತ್ತವೆ. ಇಂತಹ ಊರಿನಲ್ಲಿ ಶಿಲ್ಪಿಗಳಿಂದ ಆರಾಧನೆಗೆ ಯಾವ ಮೂರ್ತಿಯನ್ನೂ ಮಾಡಿಸದವರು ಇಬ್ಬರೇ: ನಾವು ಮತ್ತು ಅವರು. ಕಥೋಲಿಕರಂತೆ ಮರಿಯಳಿಗೂ ಸಂತರಿಗೂ ಬಿನ್ನಹ ಮಾಡುವುದು ಇವರಲ್ಲಿ ಇಲ್ಲ. ದೇವರಿಗೂ ಮನುಷ್ಯನಿಗೂ ನಡುವೆ ಯೇಸುವಿನ ಹೊರತು ಮತ್ತೊಬ್ಬ ಮಧ್ಯಸ್ಥನಿಲ್ಲ ಎನ್ನುವವರು ಇವರು. ಮಾಇದಃ ಅಧ್ಯಾಯದ 116ನೆಯ ಸೂಕ್ತದಲ್ಲಿ, ನನ್ನನ್ನೂ ನನ್ನ ತಾಯಿಯನ್ನೂ ಆರಾಧ್ಯರಾಗಿಸಿಕೊಳ್ಳಿರಿ ಎಂದು ನೀನು ಜನರಿಗೆ ಹೇಳಿದೆಯಾ ಎಂದು ಅಲ್ಲಾಹನು ಪ್ರವಾದಿ ಈಸಾ(ಅ)ರನ್ನು ಪ್ರಶ್ನಿಸುವ ಪ್ರಸಂಗವಿದೆ. ತಾಯಿಯ ಕುರಿತಾದ ಆ ಎಚ್ಚರಿಕೆಯನ್ನು, ಹಾಗೆ ಮಾಡದವರ ಮೇಲೆ ಹೊರಿಸಿ ಮಕ್ಕಳಿಗೆ ಕಲಿಸಿದ್ದು ನನ್ನ ತಪ್ಪು. ಕುರ್‌ಆನ್‌ನ ಮಾತು ಸತ್ಯ. ಅದನ್ನು ಯಾರಿಗೆ ಅನ್ವಯಿಸಬೇಕೆಂಬಲ್ಲಿ ನಾನು ಎಡವಿದ್ದೆ.

ಕರಪತ್ರದ ಮೊದಲ ವಿಷಯ ಗ್ರಂಥ. ‘ಸತ್ಯವೇದ’ ಎಂದು ಅವರು ಕರೆಯುವ ಬೈಬಲಿನ 66 ಪುಸ್ತಕಗಳು ದೇವರ ಪ್ರೇರಣೆಯಿಂದ ಬರೆಯಲ್ಪಟ್ಟವು, ಅವೇ ಅಂತಿಮ ಪ್ರಮಾಣ ಎಂಬುದು ಅವರ ವಿಶ್ವಾಸ. ನಾವು ಸಾಮಾನ್ಯವಾಗಿ ಇಂಜೀಲ್ ಎಂದರೆ ಈಸಾ(ಅ)ರ ಮೇಲೆ ಅವತೀರ್ಣವಾದ ಗ್ರಂಥ ಎಂದು ತಿಳಿದು, ಅವರ ಕೈಯಲ್ಲಿರುವ ಪುಸ್ತಕವೂ ಹಾಗೆಂದೇ ಅವರು ಹೇಳುತ್ತಾರೆಂದು ಭಾವಿಸುತ್ತೇವೆ. ಅವರು ಹಾಗೆ ಹೇಳುವುದಿಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರು ಯೇಸುವಿನ ಬಗ್ಗೆ ಬರೆದದ್ದೆಂದೂ ಬರೆಯುವಾಗ ಪವಿತ್ರಾತ್ಮನು ಅವರನ್ನು ನಡೆಸಿದನೆಂದೂ ಅವರ ನಂಬಿಕೆ. ವಹ್ಯ್ ಎಂದರೆ ಏನು ಎಂಬಲ್ಲಿಯೇ ನಮ್ಮ ಅವರ ದಾರಿ ಬೇರೆಯಾಗುತ್ತದೆ.

ಎರಡನೆಯದು ದೇವರು. ಅವರ ಕನ್ನಡದಲ್ಲಿ ಈ ವಿಶ್ವಾಸಕ್ಕಿರುವ ಪದ ‘ತ್ರಿಯೇಕ’. ಈ ಸಮಾಸದಲ್ಲಿ ‘ತ್ರಿ’ ಮಾತ್ರವಿಲ್ಲ, ‘ಏಕ’ವೂ ಇದೆ. ದೇವರು ಒಬ್ಬನೇ, ಆ ಒಂದೇ ಸತ್ತ್ವದಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ಇದ್ದಾರೆ ಎಂದು ಅವರ ಹೇಳಿಕೆ. ಕ್ರಿ.ಶ. 325ರ ನೈಸಿಯಾ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳಲ್ಲಿ ಈ ಮಾತುಗಳು ರೂಪ ಪಡೆದವು. ಮಗ ಎಂಬುದಕ್ಕೆ ಹೆಂಡತಿಯಿಂದ ಹುಟ್ಟಿದವನು ಎಂಬ ಅರ್ಥವನ್ನು ಅವರೂ ತಿರಸ್ಕರಿಸುತ್ತಾರೆ, ಅಂತಹ ಮಾತು ಅವರಿಗೂ ದೇವನಿಂದೆಯೇ.

ಹಾಗಾದರೆ ಭಿನ್ನಾಭಿಪ್ರಾಯ ಕರಗಿಹೋಯಿತೆ? ಇಲ್ಲ, ಈಗಲೇ ಅದು ಸ್ಪಷ್ಟವಾಗಿ ಕಾಣುವುದು. ಉಂಡು, ಮಲಗಿ, ಹಸಿದು, ಅಲ್ಲಾಹನ ಮುಂದೆ ತಲೆಬಾಗಿದ ಒಬ್ಬ ಮಾನವನಿಗೆ ದೈವತ್ವವನ್ನು ಆರೋಪಿಸುವುದನ್ನು ಇಸ್ಲಾಮ್ ಒಪ್ಪುವುದಿಲ್ಲ, ಅದಕ್ಕೆ ಯಾವ ಸೂಕ್ಷ್ಮ ವಿವರಣೆ ಕೊಟ್ಟರೂ ಸರಿ. ಮಾಇದಃ 75ನೆಯ ಸೂಕ್ತವು ತಾಯಿಮಗ ಇಬ್ಬರೂ ಆಹಾರ ಸೇವಿಸುತ್ತಿದ್ದರೆಂದು ನೆನಪಿಸುವುದು ಇದಕ್ಕಾಗಿಯೇ. ನಿಸಾಅ್ 171 ಅವರನ್ನು ಅಲ್ಲಾಹನ ವಚನವೆಂದೂ ಅವನ ಕಡೆಯಿಂದ ಬಂದ ಆತ್ಮವೆಂದೂ ಗೌರವಿಸಿ, ಅದೇ ಉಸಿರಿನಲ್ಲಿ ‘ಮೂರು’ ಎನ್ನುವುದನ್ನು ತಡೆಯುತ್ತದೆ. ಇಲ್ಲದ ಹೆಂಡತಿಯನ್ನು ಕಲ್ಪಿಸಿ ಖಂಡಿಸುವವನು ಈ ನಿಜವಾದ ಪ್ರಶ್ನೆಯ ಬಾಗಿಲಿಗೂ ಬಂದಿರುವುದಿಲ್ಲ.

ಇನ್ನು ಅವರ ವಿಶ್ವಾಸದ ಹೃದಯಭಾಗ ಶಿಲುಬೆ. ಆದಮನ ಪಾಪದಿಂದ ಮನುಷ್ಯಕುಲವೇ ಬಿದ್ದುಹೋಗಿದೆ, ಪಾಪಕ್ಕೆ ದಂಡನೆಯಾಗದೆ ದೇವರ ನ್ಯಾಯ ತೀರುವುದಿಲ್ಲ, ಆ ದಂಡನೆಯನ್ನು ಪಾಪರಹಿತನಾದ ಯೇಸು ನಮ್ಮ ಬದಲಿಗೆ ತಾನೇ ಹೊತ್ತು ಸತ್ತನು, ಮೂರನೆಯ ದಿನ ಸಶರೀರನಾಗಿ ಎದ್ದನು. ಇದನ್ನು ನಂಬಿ ಅವನಿಗೆ ತನ್ನನ್ನು ಒಪ್ಪಿಸಿದವನು ಹೊಸದಾಗಿ ಹುಟ್ಟುತ್ತಾನೆ. ರಕ್ಷಣೆ ಕೃಪೆಯಿಂದ ಬರುವುದು, ಕರ್ಮದಿಂದಲ್ಲ. ಇವರ ಕರಪತ್ರ, ಹಾಡು, ಪ್ರಸಂಗ ಎಲ್ಲವೂ ತಿರುಗಿ ಬಂದು ನಿಲ್ಲುವುದು ಇಲ್ಲಿಯೇ.

ಇದಕ್ಕೆ ನಮ್ಮ ಭಾಷಣಕಾರರ ಸಿದ್ಧ ಉತ್ತರವೊಂದಿದೆ: ಯೇಸುವನ್ನು ನಂಬಿದರೆ ಸಾಕು, ಆಮೇಲೆ ಬೇಕಾದ ಪಾಪ ಮಾಡಬಹುದು ಎನ್ನುವವರು ಅವರು, ನಾವಾದರೋ ಕರ್ಮಕ್ಕೆ ಬೆಲೆ ಕೊಡುವವರು. ಈ ಉತ್ತರ ಎರಡು ಕಡೆಯೂ ತಪ್ಪು. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದೆಂಬ ಅರ್ಥದ ಬೋಧನೆ ಅವರದೇ ಬೈಬಲಿನ ಯಾಕೋಬನ ಪತ್ರಿಕೆಯಲ್ಲಿದೆ. ಒಳ್ಳೆಯ ನಡತೆ ನಿಜವಾದ ನಂಬಿಕೆಯ ಫಲವೆಂದು ಅವರು ಕಲಿಸುತ್ತಾರೆ. ನಮ್ಮ ಕಡೆಯಲ್ಲಿ, ಯಾರೊಬ್ಬನ ಕರ್ಮವೂ ಅವನನ್ನು ಸ್ವರ್ಗಕ್ಕೆ ಸೇರಿಸಲಾರದು, ಅಲ್ಲಾಹನ ಕರುಣೆ ಆವರಿಸದಿದ್ದರೆ ತನ್ನ ಕರ್ಮವೂ ಸಾಲದೆಂದು ಪ್ರವಾದಿವರ್ಯರು(ಸ) ಸಹಾಬಿಗಳಿಗೆ ತಿಳಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಕರುಣೆಯೇ ಆಧಾರ ಎಂಬುದು ಅವರ ಸ್ವತ್ತೂ ಅಲ್ಲ, ನಮ್ಮ ಸ್ವತ್ತೂ ಅಲ್ಲ.

ನಿಜವಾದ ಅಂತರವನ್ನು ಒಂದು ಪ್ರಶ್ನೆಯಲ್ಲಿ ಹೇಳಬಹುದು: ಕ್ಷಮಿಸಲು ಅಲ್ಲಾಹನಿಗೆ ಒಂದು ಬಲಿ ಬೇಕೆ? ಬೇಕು, ಆ ಬಲಿಯನ್ನು ದೇವರು ತಾನೇ ಒದಗಿಸಿದನು, ಅದೇ ಅವನ ಪ್ರೀತಿ ಎಂದು ಅವರು. ಬೇಡ ಎಂದು ನಾವು. ಬಕರಃ 37ರಂತೆ ಆದಮ್(ಅ)ರು ಪಶ್ಚಾತ್ತಾಪಪಟ್ಟರು, ಅಲ್ಲಾಹನು ಸ್ವೀಕರಿಸಿದನು. ಆ ಲೆಕ್ಕ ಅಲ್ಲಿಗೇ ಮುಗಿಯಿತು. ಪ್ರತಿ ಮಗುವೂ ಶುದ್ಧ ಪ್ರಕೃತಿಯಲ್ಲಿ ಹುಟ್ಟುತ್ತದೆ. ಒಬ್ಬನ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲ ಎಂಬ ತತ್ತ್ವ ಅನ್‌ಆಮ್, ಇಸ್ರಾಅ್, ಫಾತಿರ್, ಝುಮರ್, ನಜ್ಮ್ ಎಂದು ಐದು ಅಧ್ಯಾಯಗಳಲ್ಲಿ ಬಂದಿದೆ. ಹಳ್ಳಿಯ ಸಾಹುಕಾರನೂ ಸಾಲಗಾರನ ಮುಖ ನೋಡಿ ಪತ್ರ ಹರಿದುಹಾಕಬಲ್ಲ. ಸೃಷ್ಟಿಯ ಒಡೆಯನಿಗೆ ಅಷ್ಟು ಸ್ವಾತಂತ್ರ್ಯವಿಲ್ಲವೆ? ಶಿಲುಬೆಯ ಘಟನೆಯನ್ನೇ ನಿಸಾಅ್ 157 ನಿರಾಕರಿಸುತ್ತದೆ. ಆದರೆ ಚರಿತ್ರೆಯ ಆ ವಾದಕ್ಕಿಂತ ಮೊದಲು ಬರುವುದು ಕ್ಷಮೆಯ ಪ್ರಶ್ನೆ ಎಂದು ನನಗೆ ತೋರುತ್ತದೆ. ಕ್ಷಮೆಗೆ ಬಲಿ ಬೇಡವೆಂದು ತಿಳಿದವನಿಗೆ ಶಿಲುಬೆಯ ಅಗತ್ಯವೇ ಕಾಣದು.

ಕನ್ಯೆ ಮರಿಯಮರಿಂದ ಜನನ, ರೋಗಿಗಳನ್ನು ಗುಣಪಡಿಸಿದ ಪವಾಡಗಳು, ಲೋಕಾಂತ್ಯಕ್ಕೆ ಮುಂಚೆ ಮರಳಿ ಬರುವುದು, ಸತ್ತವರ ಪುನರುತ್ಥಾನ ಮತ್ತು ತೀರ್ಪು: ಇವುಗಳಲ್ಲಿ ನಮಗೂ ಅವರಿಗೂ ಬಹುಪಾಲು ಒಮ್ಮತವಿದೆ. ದೀಕ್ಷಾಸ್ನಾನವನ್ನು ಮಗುವಿಗೆ ಕೊಡಬೇಕೋ, ಬುದ್ಧಿ ಬಂದ ಮೇಲೆ ನೀರಿನಲ್ಲಿ ಮುಳುಗಿಸಿಯೇ ಕೊಡಬೇಕೋ ಎಂಬುದು ಅವರವರೊಳಗಿನ ಜಗಳ, ನಮಗೆ ಬೇಡ.

ಹೀಗೆ ಅನ್ಯರ ಮಾತನ್ನು ವಿಸ್ತಾರವಾಗಿ ಬರೆಯುವುದು ತರವೇ ಎಂದು ಕೆಲವು ಹಿರಿಯರು ಕೇಳಬಹುದು. ಇಮಾಮ್ ಗಝಾಲಿಯವರು ತತ್ತ್ವಜ್ಞಾನಿಗಳನ್ನು ಖಂಡಿಸಿ ‘ತಹಾಫುತ್’ ಬರೆದವರು. ಅದೇ ಗಝಾಲಿಯವರು ತತ್ತ್ವಜ್ಞಾನಿಗಳ ವಾದವನ್ನು ಅದು ಇದ್ದಂತೆ ನಿರೂಪಿಸಲು ‘ಮಕಾಸಿದ್’ ಎಂಬ ಪ್ರತ್ಯೇಕ ಗ್ರಂಥವನ್ನೇ ಬರೆದರು. ಅದಕ್ಕೂ ದೊಡ್ಡ ಮಾದರಿ ಅದೀ ಬಿನ್ ಹಾತಿಮ್(ರ)ರ ಪ್ರಸಂಗ. ಕ್ರೈಸ್ತರಾಗಿದ್ದ ಅವರು ಕೊರಳಲ್ಲಿ ಚಿನ್ನದ ಶಿಲುಬೆಯೊಂದಿಗೆ ಪ್ರವಾದಿವರ್ಯರ(ಸ) ಬಳಿ ಬಂದಿದ್ದರು. ಅವರು ತಮ್ಮ ಪಂಡಿತರನ್ನೂ ಸಂನ್ಯಾಸಿಗಳನ್ನೂ ಪ್ರಭುಗಳಾಗಿಸಿಕೊಂಡರೆಂಬ ತೌಬಃ 31ನೆಯ ಸೂಕ್ತವನ್ನು ಕೇಳಿ, ನಾವು ಅವರನ್ನು ಆರಾಧಿಸಿಲ್ಲವಲ್ಲ ಎಂದು ಆಕ್ಷೇಪಿಸಿದರು. ಪ್ರವಾದಿವರ್ಯರು(ಸ) ಆಕ್ಷೇಪಕ್ಕೆ ಸಿಡಿಮಿಡಿಗೊಳ್ಳಲಿಲ್ಲ. ಆ ಪಂಡಿತರು ಹಲಾಲ್ ಎಂದುದನ್ನು ಹಲಾಲ್, ಹರಾಮ್ ಎಂದುದನ್ನು ಹರಾಮ್ ಎಂದು ಒಪ್ಪಿಕೊಂಡದ್ದೇ ಆ ಮಾತಿನ ತಾತ್ಪರ್ಯವೆಂದು ವಿವರಿಸಿದರು. ಎದುರಿಗಿದ್ದವನು ತನ್ನದೆಂದು ಗುರುತಿಸಬಲ್ಲ ಆಚರಣೆಯನ್ನೇ ಅವರು ತೋರಿಸಿದ್ದು. ಹೇಳಬೇಕಾದ್ದು ಇನ್ನೇನಿದೆ?

ಈ ಹುಡುಗಿಯ ತಂದೆ ಮರುದಿನ ಬಂದಿದ್ದರು. ಕರಪತ್ರವನ್ನು ಸುಟ್ಟುಬಿಡಿ, ಬೇಕಾದರೆ ಮತಾಂತರದ ದೂರು ಕೊಡೋಣ ಎಂದರು. ತಂದೆಯ ಭಯ ನನಗೆ ಅರ್ಥವಾಗುತ್ತದೆ. ಆದರೆ 2021ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮನೆಮನೆಗೆ ಹೋಗುತ್ತಿದ್ದ ಕ್ರೈಸ್ತರನ್ನು ತಡೆದು ಅವರ ಧರ್ಮಗ್ರಂಥಗಳಿಗೆ ಬೆಂಕಿ ಹಚ್ಚಿದವರು ಯಾರೆಂಬುದನ್ನು ನಾವು ಮರೆಯಬಾರದು. ಆ ಸುದ್ದಿ ಬಂದಾಗ ನಮ್ಮವರಲ್ಲಿ ಕೆಲವರು, ಹೇಗೂ ನಮ್ಮ ಮೇಲೆ ಬಂದಿಲ್ಲವಲ್ಲ ಎಂದು ಸುಮ್ಮನಿದ್ದರು. ಒಳಗೊಳಗೆ ಸಮಾಧಾನಪಟ್ಟವರೂ ಇದ್ದರು, ಹೇಳಲು ನಾಚಿಕೆಯಾಗುತ್ತದೆ. 2022ರಲ್ಲಿ ಬಂದ ಮತಾಂತರ ವಿರೋಧಿ ಕಾಯ್ದೆ ಪಾದ್ರಿ ಯಾರು ಮೌಲವಿ ಯಾರು ಎಂದು ಭೇದ ಮಾಡುವುದಿಲ್ಲ. ತನ್ನ ಧರ್ಮವನ್ನು ಸಾರಲು ಸಂವಿಧಾನದ 25ನೆಯ ವಿಧಿ ಕೊಟ್ಟ ಹಕ್ಕೂ ಭೇದ ಮಾಡುವುದಿಲ್ಲ. ದಅ್‌ವತ್ತಿನ ಪುಸ್ತಕಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಹಂಚುವ ನಾವು, ಇನ್ನೊಬ್ಬರ ನಾಲ್ಕು ಪುಟದ ಕಾಗದಕ್ಕೆ ಬೆಂಕಿಕಡ್ಡಿ ಹುಡುಕುವುದು ಹೇಗೆ? ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ವಿಮುಖರಾಗಿಸದಿರಲಿ ಎಂದು ಆಜ್ಞಾಪಿಸುವ ಮಾಇದಃ 8ನ್ನು ನಾವು ಜುಮುಅಃ ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ!

ಕರಪತ್ರದ ಕೊನೆಯ ಪುಟ ನನ್ನನ್ನು ಬಹಳ ಹೊತ್ತು ಕಾಡಿತು. ಇಂದು ರಾತ್ರಿ ನೀವು ಸತ್ತರೆ ಸ್ವರ್ಗಕ್ಕೆ ಹೋಗುವ ಭರವಸೆ ನಿಮಗಿದೆಯೇ ಎಂಬ ಪ್ರಶ್ನೆ, ಕೆಳಗೆ ದೇವರು ನಿಮ್ಮನ್ನು ಪ್ರೀತಿಸುತ್ತಾನೆ ಎಂಬ ಮಾತು. ಅದರ ಪಕ್ಕದಲ್ಲಿ ಹುಡುಗಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಸತ್ಯವಿಶ್ವಾಸಿ ಭಯ ಮತ್ತು ನಿರೀಕ್ಷೆಗಳ ನಡುವೆ ಬದುಕಬೇಕೆಂದು ನಮ್ಮ ಉಲಮಾಗಳು ಕಲಿಸಿದ್ದಾರೆ. ಸ್ವರ್ಗದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡಂತೆ ಮಾತನಾಡುವುದು ನಮ್ಮ ರೀತಿಯಲ್ಲ, ಅದು ಸರಿಯೂ ಹೌದು. ಆದರೆ ಆ ಮಕ್ತಬ್‌ನಲ್ಲಿ ನಾನು ಹೇಳಿದ ಪಾಠಗಳನ್ನು ನೆನೆದುಕೊಂಡೆ. ಕಬರಿನ ಶಿಕ್ಷೆ, ನಮಾಝ್ ಬಿಟ್ಟವನ ಗತಿ, ಸಿರಾತ್ ಸೇತುವೆಯ ಕೂದಲೆಳೆ. ಭಯವನ್ನು ತಕ್ಕಡಿ ತುಂಬ ಅಳೆದು ಕೊಟ್ಟಿದ್ದೇನೆ, ನಿರೀಕ್ಷೆಯ ತಟ್ಟೆ ಬರಿದು. ತಮ್ಮ ಮೇಲೆಯೇ ಅತಿರೇಕವೆಸಗಿದ ದಾಸರೂ ಅಲ್ಲಾಹನ ಕರುಣೆಯಲ್ಲಿ ನಿರಾಶರಾಗಬಾರದೆನ್ನುವ ಝುಮರ್ 53ನ್ನು ಈ ಮಕ್ಕಳಿಗೆ ಒಮ್ಮೆಯಾದರೂ ಬಾಯಿಪಾಠ ಮಾಡಿಸಿದ್ದೆನೇ? ಅಲ್ಲಾಹನು ಪ್ರೀತಿಸುವವನು, ‘ವದೂದ್’ ಎಂಬುದು ಅವನ ನಾಮ, ಎಂಬುದನ್ನು ಹದಿಮೂರು ವರ್ಷದ ಹುಡುಗಿ ಮೊದಲ ಬಾರಿಗೆ ಬೇರೆಯವರ ಕಾಗದದಲ್ಲಿ ಓದಿದಂತಾದರೆ ಆ ಕಾಗದದ ಮೇಲೆ ಸಿಟ್ಟಾಗಿ ಏನು ಬಂತು?

ಮುಂದಿನ ಶುಕ್ರವಾರ ಮಕ್ಕಳೆಲ್ಲರನ್ನೂ ಕೂರಿಸಿ, ಹಿಂದೆ ಹೇಳಿದ್ದು ತಪ್ಪಾಗಿತ್ತೆಂದು ಹೇಳಿದೆ. ಕರಿಹಲಗೆಯ ಮೇಲೆ ಎರಡು ಅಂಕಣ ಬರೆದು, ಅವರು ನಂಬುವುದೇನು, ನಾವು ನಂಬುವುದೇನು ಎಂದು ತೋರಿಸಿದೆ. ಹುಡುಗಿಯ ತಂದೆಯೂ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದರು. ಅನ್‌ಕಬೂತ್ 46ನ್ನು, ಗ್ರಂಥದವರೊಂದಿಗೆ ಉತ್ತಮ ರೀತಿಯಲ್ಲಿಯೇ ಹೊರತು ವಾದಿಸಬಾರದೆಂಬ ಆಜ್ಞೆಯನ್ನು, ಅರ್ಥಸಹಿತ ಬರೆಸಿದೆ. ಚಿಕ್ಕ ಹುಡುಗನೊಬ್ಬ ಕೈಯೆತ್ತಿ, ಈಸಾ(ಅ) ಮರಳಿ ಬಂದಾಗ ಕ್ರೈಸ್ತರು ಅವರನ್ನು ಗುರುತಿಸುತ್ತಾರೆಯೇ ಎಂದು ಕೇಳಿದ. ಅದಕ್ಕೆ ಇನ್ನೊಂದು ಶುಕ್ರವಾರ ಬೇಕು ಎಂದೆ. ಕರಪತ್ರವನ್ನು ಹುಡುಗಿಗೆ ಹಿಂದಿರುಗಿಸಿ, ಗೆಳತಿಗೆ ಕೊಟ್ಟು ನನ್ನ ಸಲಾಮ್ ಹೇಳು ಎಂದು ಕಳುಹಿಸಿದ್ದೇನೆ.