‘ಕೃಷ್ಣರಾಜ ರೂಪಕ’ವೆಂದೇ ಕರೆಯೋಣ

ವೇರೂಳಿನ ಕೈಲಾಸವನ್ನು ಕಂಡ ಕನ್ನಡಿಗನಿಗೆ ರಾಷ್ಟ್ರಕೂಟ ಒಂದನೆಯ ಕೃಷ್ಣನ ನೆನಪಾಗುವುದು ಸಹಜ. ನಾಸಿಕ ಜಿಲ್ಲೆಯ ದೇವಳಾಣೆಯಲ್ಲಿ ದೊರೆತ ಪುಟ್ಟ ಬೆಳ್ಳಿನಾಣ್ಯಗಳಲ್ಲಿ ಒಂದು ಬದಿಗೆ ಅರಸನ ಮುಖ, ಇನ್ನೊಂದು ಬದಿಗೆ ನಂದಿ ಹಾಗೂ ಕೃಷ್ಣರಾಜನ ಹೆಸರು. ಇವನ್ನು ವಿದ್ವಾಂಸರೇ ಹಿಂದೊಮ್ಮೆ ಕೈಲಾಸದ ಕೃಷ್ಣನವೆಂದು ಬಗೆದಿದ್ದರು. ‘ರಾಷ್ಟ್ರಕೂಟ ನಾಣ್ಯ’ವೆಂಬ ಆ ಹೆಸರನ್ನು ಬಿಟ್ಟುಕೊಡಲು ನಮ್ಮ ಅಭಿಮಾನಕ್ಕೆ ಕಷ್ಟವೇ ಸರಿ.

ಆದರೆ ಅಂಜನೇರಿಯ ತಾಮ್ರಪಟ ಬೇರೆಯೇ ಸಾಕ್ಷ್ಯ ನುಡಿಯುತ್ತದೆ. ಸುಮಾರು ಕ್ರಿ.ಶ. 710ರ ಭೋಗಶಕ್ತಿಯ ಈ ಶಾಸನದಲ್ಲಿ ‘ಕೃಷ್ಣರಾಜ ರೂಪಕ’ವೆಂದು ನಾಣ್ಯದ ಹೆಸರೇ ಬಂದಿದೆ. ರಾಷ್ಟ್ರಕೂಟ ಕೃಷ್ಣ ಪಟ್ಟವೇರಿದುದು ಅದಕ್ಕೆ ಸುಮಾರು ಅರ್ಧ ಶತಮಾನದ ತರುವಾಯ! 1955ರಲ್ಲಿ ಕಲಚುರಿ ಶಾಸನಗಳ ಸಂಪುಟವನ್ನು ಪ್ರಕಟಿಸಿದ ವಾ. ವಿ. ಮಿರಾಶಿಯವರು ಈ ನಾಣ್ಯವನ್ನು ಆರನೆಯ ಶತಮಾನದ ಕಲಚುರಿ ಕೃಷ್ಣರಾಜನದೆಂದೇ ಎಣಿಸಿದರು. (ಬಿಜ್ಜಳನ ಕಲ್ಯಾಣದ ಕಲಚುರಿಗಳು ಬೇರೆ, ಅವರು ಬಹಳ ಈಚಿನವರು.)

‘ಕಲಚುರಿ ನಾಣ್ಯ’ವೆಂದರೂ ತಪ್ಪಲ್ಲ. ಆದರೆ ಅರಸನು ಅಳಿದು ಶತಮಾನ ಕಳೆದ ಮೇಲೂ ಆ ಹಣವನ್ನು ಎಣಿಸಿ ಕೊಟ್ಟು ಕೊಂಡ ಜನರೇ ಇಟ್ಟುಕೊಂಡಿದ್ದ ಹೆಸರಿಗಿಂತ ಯೋಗ್ಯವಾದುದು ಯಾವುದು? ಕೈಲಾಸವಿರುವಾಗ ಕನ್ನಡಿಗರಿಗೆ ಎರವಲು ನಾಣ್ಯದ ಹಂಗೇಕೆ? ಸಂಘಗಳು ವೇರೂಳು ಪ್ರವಾಸ ಏರ್ಪಡಿಸುವಾಗ ಮಕ್ಕಳಿಗೆ ಈ ಹೆಸರನ್ನೇ ತಿಳಿಸಲಿ. ನಾಸಿಕದಿಂದ ತ್ರ್ಯಂಬಕಕ್ಕೆ ಹೋಗುವ ದಾರಿಯಲ್ಲಿ ಅಂಜನೇರಿಯನ್ನೂ ತೋರಿಸಲಿ.