‘ಮಸ್ಕ್ಯುಲೋಸ್ಕೆಲಿಟಲ್’ ಎಂದರೆ ಯಾವ ನೋವು?

ಡೊಂಬಿವಲಿಯಿಂದ ಫೋರ್ಟಿನ ಕಚೇರಿಗೆ ಲೋಕಲ್ ಗಾಡಿಯಲ್ಲಿ ನಿಂತೇ ಹೋಗಿಬರುವ ಕನ್ನಡಿಗನು ಬೆನ್ನುನೋವೆಂದು ವೈದ್ಯರನ್ನು ಕಂಡರೆ, ‘ಮಸ್ಕ್ಯುಲೋಸ್ಕೆಲಿಟಲ್’ ಎಂದು ಬರೆದ ಚೀಟಿಯೊಡನೆ ಮರಳುತ್ತಾನೆ. ಪದದ ಉದ್ದವನ್ನು ಕಂಡೇ ಮನೆಮಂದಿ ಕಂಗೆಡುತ್ತಾರೆ. ಆದರೆ ಅದು ಯಾವೊಂದು ರೋಗದ ಹೆಸರೂ ಅಲ್ಲ. ಮೂಳೆ, ಕೀಲು, ಮಾಂಸಖಂಡ ಮತ್ತು ಇವನ್ನು ಒಂದಕ್ಕೊಂದು ಬಿಗಿಯುವ ತಂತುಗಳು, ಇಷ್ಟನ್ನೂ ಒಳಗೊಂಡ ಅಂಗವ್ಯೂಹಕ್ಕೆ ವೈದ್ಯಶಾಸ್ತ್ರವು ಬಳಸುವ ವಿಶೇಷಣವದು. ಉಳುಕಿದ ಕಾಲು, ಸವೆದ ಮಂಡಿ, ಹಿಡಿದುಕೊಂಡ ಸೊಂಟ ಎಲ್ಲವೂ ಅದರೊಳಗೆ ಅಡಕ. ಪದದ ಪೂರ್ವಾರ್ಧವು ಲ್ಯಾಟಿನ್ ಮೂಲದ್ದು. ಅಲ್ಲಿ ಅದಕ್ಕೆ ‘ಪುಟ್ಟ ಇಲಿ’ ಎಂದರ್ಥ! ಉತ್ತರಾರ್ಧವು ‘ಒಣಗಿದ್ದು’ ಎಂಬರ್ಥದ ಗ್ರೀಕ್ ಪದದಿಂದ ಬಂದುದು.

ಕನ್ನಡದಲ್ಲಿ ಇದನ್ನು ‘ಸ್ನಾಯು-ಅಸ್ಥಿ’ ಎಂದು ಅನುವಾದಿಸುವುದುಂಟು. ತೊಡಕು ಇರುವುದು ಇಲ್ಲಿಯೇ. ಕನ್ನಡ, ಮರಾಠಿಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ. ಹಿಂದಿಯಲ್ಲಿ ‘ಸ್ನಾಯು ತಂತ್ರ’ವೆಂದರೆ ನರಮಂಡಲ. ಸುಶ್ರುತನಂತೂ ಪೇಶಿಗಳನ್ನು 500 ಎಂದೂ ಸ್ನಾಯುಗಳನ್ನು 900 ಎಂದೂ ಬೇರೆಬೇರೆಯಾಗಿಯೇ ಎಣಿಸಿದ್ದಾನೆ. ಅವನ ಸ್ನಾಯು ಕೀಲುಗಳನ್ನು ಕಟ್ಟುವ ತಂತು. ಮೂರು ಭಾಷೆಗಳ ನಡುವೆ ಬಾಳುವ ಮುಂಬಯಿ ಕನ್ನಡಿಗನು ಯಾವ ಅರ್ಥವನ್ನು ಹಿಡಿಯಬೇಕು? ಸಾಲದುದಕ್ಕೆ, ಮಾಂಸಖಂಡ ಸೆಳೆದರೂ ‘ನರ ಎಳೆದಿದೆ’ ಎನ್ನುವುದು ಆಡುಮಾತಿನ ರೂಢಿ. ನರ ಒತ್ತಲ್ಪಟ್ಟಾಗ ಜೋಮು, ಮರಗಟ್ಟುವಿಕೆ, ಬಲಹೀನತೆ ತೋರಬಹುದು. ಅದರ ಪರೀಕ್ಷೆಯೇ ಬೇರೆ. ಆದುದರಿಂದ ‘ಮಾಂಸಖಂಡ-ಮೂಳೆ’ ಎಂಬ ನೇರವಾದ ಮಾತೇ ಲೇಸು. ಧಾರವಾಡದವರು ಮೂಳೆಯನ್ನು ‘ಎಲುಬು’ ಎಂದರೂ ಅರ್ಥ ಕೆಡದು. ಚೀಟಿ ಕೈಗೆ ಬಂದಾಗ ನೋವು ಮೂಳೆಯದೋ, ಕೀಲಿನದೋ, ಮಾಂಸಖಂಡದ್ದೋ ಎಂದು ವೈದ್ಯರನ್ನು ಕೇಳಿ ತಿಳಿಯಲು ಸಂಕೋಚವೇಕೆ?

ಎದೆನೋವಿನ ವಿಷಯದಲ್ಲಿ ಮಾತ್ರ ಈ ಪದವನ್ನು ಬಹಳ ಎಚ್ಚರದಿಂದ ಬಳಸಬೇಕು. ಪಕ್ಕೆಲುಬು, ಮೃದ್ವಸ್ಥಿ, ಎದೆಗೋಡೆಯ ಮಾಂಸಖಂಡ ಇವುಗಳಿಂದಲೂ ನೋವು ಬರಬಹುದೆಂಬುದು ನಿಜ. ಆದರೆ ಹಾಗೆಂದು ನಿರ್ಣಯಿಸುವವರು ಪರೀಕ್ಷೆ ಮಾಡಿದ ವೈದ್ಯರೇ ಹೊರತು ರೋಗಿಯಾಗಲಿ, ನೆರೆಮನೆಯವರಾಗಲಿ ಅಲ್ಲ. ಗಾಡಿಯ ಹಿಡಿಕೆಗೆ ಜೋತುಬಿದ್ದು ನಿಂತುದರಿಂದ ತೋಳು ನೋಯುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಎದೆಯಲ್ಲಿ ಭಾರ, ತೋಳಿಗೂ ದವಡೆಗೂ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಇವು ಕಾಣಿಸಿಕೊಂಡರೆ ತೈಲ ತಿಕ್ಕುತ್ತ ಬೆಳಗಾಗುವುದನ್ನು ಕಾಯದೆ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು; ನೋವು ಮಾಂಸಖಂಡದ್ದೇ ಅಲ್ಲವೇ ಎಂಬುದನ್ನು ಇ.ಸಿ.ಜಿ. ತೆಗೆಸಿದ ಮೇಲೆ ಅಲ್ಲಿನ ವೈದ್ಯರು ಹೇಳಲಿ.